ತಲೆಬುರುಡೆಯ ಕೊರತೆ ಮುಚ್ಚಲು ಯಾವ ವಸ್ತು: ಸ್ವಂತ ಮೂಳೆಯೋ, ಟೈಟಾನಿಯಮ್ಮೋ, ಪೀಕ್ ಎಂಬ ಗಟ್ಟಿ ಪ್ಲಾಸ್ಟಿಕ್ಕೋ?

ಪ್ರಶ್ನೆ: ಅಂತಿಮ ವರ್ಷದ ಪಿಜಿ

ನರಶಸ್ತ್ರಚಿಕಿತ್ಸೆಯ ತರಬೇತಿಯ ಕೊನೆಯ ಘಟ್ಟದಲ್ಲಿದ್ದೇನೆ. ನಮ್ಮ ವಿಭಾಗದ ಮುಂದಿನ ಚರ್ಚೆಯಲ್ಲಿ ಕ್ರೇನಿಯೋಪ್ಲಾಸ್ಟಿಗೆ, ಅಂದರೆ ಬುರುಡೆಯಲ್ಲಿ ಮೂಳೆಯಿಲ್ಲದ ಜಾಗವನ್ನು ಮುಚ್ಚುವ ಶಸ್ತ್ರಚಿಕಿತ್ಸೆಗೆ, ಸಂಬಂಧಿಸಿದ ಎರಡು ಪ್ರಕರಣಗಳನ್ನು ನಾನು ಮಂಡಿಸಬೇಕು. ಎರಡರಲ್ಲಿಯೂ ಶಸ್ತ್ರಚಿಕಿತ್ಸೆ ಅಗತ್ಯವೇ ಎಂಬ ಬಗ್ಗೆ ಭಿನ್ನಾಭಿಪ್ರಾಯವಿಲ್ಲ. ಕೊರತೆಯನ್ನು ಯಾವುದರಿಂದ ತುಂಬಬೇಕು ಎಂಬಲ್ಲಿ ಮಾತ್ರ ಹಿರಿಯರು ಒಬ್ಬೊಬ್ಬರು ಒಂದೊಂದು ದಾರಿ ಹೇಳುತ್ತಿದ್ದಾರೆ.

ಮೊದಲನೆಯದು ಆರು ವರ್ಷದ ಮಗು. ತಲೆಗೆ ಪೆಟ್ಟಾಗಿ ಮಿದುಳು ಊದಿಕೊಂಡಾಗ ಒಂದು ಬದಿಯ ಮೂಳೆಯನ್ನು ದೊಡ್ಡದಾಗಿ ತೆಗೆದು, ಊತ ಇಳಿದ ಮೇಲೆ ಶೈತ್ಯದಲ್ಲಿ ಕಾಪಾಡಿಟ್ಟಿದ್ದ ಅದೇ ಮೂಳೆಯನ್ನು ಮರಳಿ ಕೂರಿಸಲಾಗಿತ್ತು. ಸುಮಾರು ಒಂದೂವರೆ ವರ್ಷದಲ್ಲಿ ಆ ಮೂಳೆಯ ಅಂಚು ಸವೆದು, ನಡುನಡುವೆ ತೂತು ಬಿದ್ದು, ಹಿಡಿದಿದ್ದ ಸಣ್ಣ ಪ್ಲೇಟುಗಳು ಸಡಿಲಗೊಂಡು ಚರ್ಮದ ಕೆಳಗೆ ಕೈಗೆ ತಾಗುತ್ತಿವೆ. ಜ್ವರವಿಲ್ಲ, ಕೀವಿಲ್ಲ, ರಕ್ತಪರೀಕ್ಷೆಯಲ್ಲಿ ಸೋಂಕಿನ ಸುಳಿವಿಲ್ಲ.

ಎರಡನೆಯವರು ನಲವತ್ತು ದಾಟಿದ ವಯಸ್ಕರು. ಹಣೆಯ ಮೂಳೆ ನುಚ್ಚಾದಾಗ ಅಕ್ರಿಲಿಕ್ ತಟ್ಟೆಯನ್ನು ಕೂರಿಸಲಾಗಿತ್ತು. ಅದು ಸೋಂಕಿಗೆ ತುತ್ತಾಗಿ, ಕೀವು ಹೊರಗೆ ಬರತೊಡಗಿದ ಮೇಲೆ ತೆಗೆಯಬೇಕಾಯಿತು. ಈಗ ಗಾಯ ಒಣಗಿದೆ, ಆದರೆ ಸಿ.ಟಿ.ಯಲ್ಲಿ ಹಣೆಮೂಳೆಯೊಳಗಿನ ಗಾಳಿಕೋಣೆಯಾದ ಫ್ರಾಂಟಲ್ ಸೈನಸ್‌ನ ಹಿಂಗೋಡೆ ಒಡೆದೇ ಇದೆ. ಮೇಲಿನ ಚರ್ಮ ತೆಳುವಾಗಿ ಮಿದುಳಿನ ಹೊರಪೊರೆಗೆ ಅಂಟಿಕೊಂಡಿದೆ.

ಬಲ, ಬಾಳಿಕೆ, ವೆಚ್ಚ, ಸೋಂಕು, ಸ್ಕ್ಯಾನ್‌ನಲ್ಲಿ ಕಾಣುವ ರೀತಿ ಎಂದು ವಸ್ತುಗಳನ್ನು ಹೋಲಿಸುವ ಕೋಷ್ಟಕಗಳನ್ನೆಲ್ಲ ಓದಿದ್ದೇನೆ. ಅವುಗಳ ಪ್ರಕಾರ ಪ್ರತಿಯೊಂದಕ್ಕೂ ನಾಲ್ಕು ಗುಣ, ನಾಲ್ಕು ದೋಷ. ಈ ಇಬ್ಬರು ರೋಗಿಗಳ ಮುಂದೆ ನಿಂತಾಗ ಆ ಕೋಷ್ಟಕ ಯಾವ ತೀರ್ಮಾನವನ್ನೂ ಕೊಡುತ್ತಿಲ್ಲ. ಅನುಭವಿಗಳು ಯಾವ ಕ್ರಮದಲ್ಲಿ ಯೋಚಿಸುತ್ತಾರೆ ಎಂದು ತಿಳಿಯಬಯಸುತ್ತೇನೆ.

ಉತ್ತರ: ಹಿರಿಯ ನರಶಸ್ತ್ರ

ಕೋಷ್ಟಕ ತೀರ್ಮಾನ ಕೊಡದಿರುವುದಕ್ಕೆ ಕಾರಣ, ಅದು ವಸ್ತುವಿನಿಂದ ಆರಂಭವಾಗುತ್ತದೆ ಎಂಬುದು. ನಾವು ಆರಂಭಿಸಬೇಕಾದದ್ದು ಆ ವಸ್ತುವನ್ನು ಇಡುವ ಜಾಗದಿಂದ: ಮೇಲೆ ಎಂಥ ಚರ್ಮವಿದೆ, ಕೆಳಗೆ ಎಂಥ ಹೊರಪೊರೆಯಿದೆ, ಪಕ್ಕದಲ್ಲಿ ಮೂಗಿಗೆ ತೆರೆದುಕೊಳ್ಳುವ ಗಾಳಿಕೋಣೆ ಇದೆಯೇ, ಹಿಂದೆ ಸೋಂಕಾಗಿತ್ತೇ, ರೋಗಿಯ ತಲೆ ಇನ್ನೂ ಬೆಳೆಯುತ್ತಿದೆಯೇ, ಮುಂದೆ ವಿಕಿರಣ ಚಿಕಿತ್ಸೆ ಕೊಡಬೇಕಾಗಬಹುದೇ. ಈ ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರಿಸಿಕೊಂಡರೆ ಐದಾರು ವಸ್ತುಗಳ ಪಟ್ಟಿ ತಾನಾಗಿಯೇ ಒಂದೆರಡಕ್ಕೆ ಇಳಿಯುತ್ತದೆ.

ನಿಮ್ಮ ಎರಡನೆಯ ರೋಗಿಯ ಬಗ್ಗೆ ಮಾತ್ರ ಬರೆಯುತ್ತೇನೆ. ಮಗುವಿನ ವಿಷಯವನ್ನು ಮಕ್ಕಳ ವಿಭಾಗದವರು ನನಗಿಂತ ಚೆನ್ನಾಗಿ ಹೇಳಬಲ್ಲರು.

ಈ ರೋಗಿಯಲ್ಲಿ ಸೋಂಕಿನ ಹೊಣೆಯನ್ನು ಅಕ್ರಿಲಿಕ್ ಮೇಲೆ ಹೊರಿಸಿ, ಅದರ ಬದಲು ಟೈಟಾನಿಯಂ ಹಾಕಿದರೆ ಸರಿಹೋಗುತ್ತದೆ ಎಂದು ಭಾವಿಸುವುದು ಅಪಾಯಕಾರಿ. ಅಕ್ರಿಲಿಕ್‌ಗೆ ತನ್ನದೇ ದೋಷಗಳಿವೆ ಎಂಬುದು ನಿಜ. 1940ರ ಸುಮಾರಿಗೆ ಮನುಷ್ಯರ ತಲೆಬುರುಡೆಯಲ್ಲಿ ಬಳಕೆಗೆ ಬಂದಾಗಿನಿಂದ ಅವೇನೂ ಮರೆಯಾಗಿಲ್ಲ: ಪುಡಿ ಮತ್ತು ದ್ರವ ಸೇರಿ ಗಟ್ಟಿಯಾಗುವಾಗ 70 ಡಿಗ್ರಿ ಸೆಲ್ಸಿಯಸ್ ದಾಟುವಷ್ಟು ಶಾಖ ಹುಟ್ಟುತ್ತದೆ, ಪೂರ್ತಿ ಬೆರೆಯದೆ ಉಳಿದ ದ್ರವ ಸುತ್ತಲಿನ ಅಂಗಾಂಶವನ್ನು ಕೆರಳಿಸುತ್ತದೆ, ಮೂಳೆ ಅದರೊಳಕ್ಕೆ ಎಂದೂ ಬೆಳೆಯುವುದಿಲ್ಲ, ಬಲವಾದ ಪೆಟ್ಟು ಬಿದ್ದರೆ ಒಡೆದು ಚೂರಾಗುತ್ತದೆ. ಆದರೂ ಒಳ್ಳೆಯ ಚರ್ಮದ ಕೆಳಗೆ, ಶುದ್ಧವಾದ ಜಾಗದಲ್ಲಿ, ದಶಕಗಟ್ಟಲೆ ತೊಂದರೆ ಕೊಡದೆ ಕುಳಿತ ಅಕ್ರಿಲಿಕ್ ತಟ್ಟೆಗಳು ಎಷ್ಟೋ ಇವೆ. ನಿಮ್ಮ ರೋಗಿಯಲ್ಲಿ ನಿಜವಾದ ಅಪರಾಧಿ ತೆರೆದ ಸೈನಸ್. ಅದರ ಲೋಳೆಪೊರೆ ಮೂಗಿನ ಬ್ಯಾಕ್ಟೀರಿಯಾಗಳೊಂದಿಗೆ ಸದಾ ಸಂಪರ್ಕದಲ್ಲಿರುತ್ತದೆ. ಅದಕ್ಕೆ ತಾಗಿದಂತೆ ಯಾವ ನಿರ್ಜೀವ ವಸ್ತುವನ್ನಿಟ್ಟರೂ, ಅದು ಅಕ್ರಿಲಿಕ್ಕೇ ಆಗಲಿ, ಟೈಟಾನಿಯಮ್ಮೇ ಆಗಲಿ, ಪೀಕೇ ಆಗಲಿ, ಇಂದಲ್ಲ ನಾಳೆ ಮೇಲ್ಮೈಯಲ್ಲಿ ಜೈವಿಕ ಪೊರೆ ಕಟ್ಟಿಕೊಳ್ಳುತ್ತದೆ. ಆಮೇಲೆ ಪ್ರತಿಜೈವಿಕಗಳು ಕೀವನ್ನು ತಾತ್ಕಾಲಿಕವಾಗಿ ತಗ್ಗಿಸುತ್ತವೆಯೇ ಹೊರತು ಸೋಂಕನ್ನು ಬೇರುಸಹಿತ ಕೀಳುವುದಿಲ್ಲ.

ಆದ್ದರಿಂದ ಇಲ್ಲಿ ಮೊದಲ ಕೆಲಸ ಸೈನಸ್‌ನದು. ಒಡೆದ ಹಿಂಗೋಡೆಯನ್ನು ಪೂರ್ತಿ ತೆಗೆದು, ಒಳಗಿನ ಲೋಳೆಪೊರೆಯನ್ನು ಒಂದು ಚೂರೂ ಉಳಿಯದಂತೆ ಕೆರೆದು, ಮೂಳೆಯ ಒಳಮೈಯನ್ನು ವಜ್ರದ ಬರ್‌ನಿಂದ ತೆಳುವಾಗಿ ಉಜ್ಜಿ, ಮೂಗಿಗೆ ಇಳಿಯುವ ನಾಳವನ್ನು ಸ್ನಾಯು ಅಥವಾ ಮೂಳೆಚೂರಿನಿಂದ ಬಿಗಿಯಾಗಿ ಮುಚ್ಚಿ, ಅದರ ಮೇಲೆ ರಕ್ತಸಂಚಾರವಿರುವ ಪೆರಿಕ್ರೇನಿಯಂ (ಬುರುಡೆಯ ಹೊರಮೈಗೆ ಅಂಟಿದ ಪೊರೆ) ಪದರವನ್ನು ತಿರುಗಿಸಿ ಹೊದಿಸಬೇಕು. ಲೋಳೆಪೊರೆಯ ಸಣ್ಣ ತುಣುಕು ಉಳಿದರೂ ವರ್ಷಗಳ ನಂತರ ಮ್ಯೂಕೋಸೀಲ್ (ಲೋಳೆ ತುಂಬಿದ ಚೀಲ) ಆಗಿ ಮರಳಿ ಬರುತ್ತದೆ. ಹಳೆಯ ಶಸ್ತ್ರಚಿಕಿತ್ಸೆಗಳಿಂದ ಹಣೆಯ ಪೆರಿಕ್ರೇನಿಯಂ ಹಾಳಾಗಿದ್ದರೆ ಆ ಹೊದಿಕೆ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲೇ ನಿಶ್ಚಯಿಸಿಕೊಂಡಿರಬೇಕು.

ಇದಾದ ಮೇಲೆ ವಸ್ತುವಿನ ಮಾತು. ನನ್ನ ಒಲವು ಎರಡು ಪದರಗಳಾಗಿ ಸೀಳಿದ, ರೋಗಿಯದೇ ಕಪಾಲದ ಮೂಳೆಯ ಕಡೆಗೆ. ಪ್ಯಾರೈಟಲ್ (ತಲೆಯ ಮೇಲ್ಪಕ್ಕದ) ಭಾಗದಿಂದ ತೆಗೆದ ಹೊರಪದರ ಹಣೆಯ ಬಾಗಿಗೆ ಚೆನ್ನಾಗಿ ಹೊಂದುತ್ತದೆ; ರಕ್ತನಾಳಗಳು ಅದರೊಳಕ್ಕೆ ಬೆಳೆದುಬರುವುದರಿಂದ ದೇಹದ ರಕ್ಷಣಾಕೋಶಗಳೂ ಪ್ರತಿಜೈವಿಕವೂ ಅಲ್ಲಿಗೆ ತಲುಪುತ್ತವೆ. 1890ರಲ್ಲಿ ಮ್ಯೂಲ್ಲರ್ ಮತ್ತು ಕ್ಯೋನಿಗ್ ಪಕ್ಕದ ಬುರುಡೆಯ ಹೊರಪದರವನ್ನೇ ಚರ್ಮದ ಜೊತೆಗೆ ಸರಿಸಿ ಕೊರತೆ ಮುಚ್ಚುವ ವಿಧಾನವನ್ನು ವಿವರಿಸಿದ್ದರು. ಅಷ್ಟು ಹಳೆಯದಾದ ಈ ಆಲೋಚನೆ ಇಂದಿಗೂ ಸೋಂಕಿತ ಹಣೆಯ ವಿಷಯದಲ್ಲಿ ಬಲವಾಗಿ ನಿಂತಿದೆ ಎಂಬುದು ನನಗೆ ಸದಾ ಗೌರವ ಹುಟ್ಟಿಸುವ ಸಂಗತಿ.

ಸೋಂಕು ವಾಸಿಯಾದ ಮೇಲೆ ಎಷ್ಟು ಕಾಯಬೇಕು ಎಂಬುದಕ್ಕೆ ಎಲ್ಲರೂ ಒಪ್ಪಿದ ಅವಧಿಯಿಲ್ಲ. ಮೂರರಿಂದ ಆರು ತಿಂಗಳು ಸಾಮಾನ್ಯ ರೂಢಿ. ಒಂದು ವರ್ಷ ಕಾಯುವವರೂ ಇದ್ದಾರೆ. ನೀವು ಹೇಳಿದ ತೆಳುವಾದ, ಅಂಟಿಕೊಂಡ ಚರ್ಮವನ್ನು ಗಮನಿಸಿದರೆ ನಾನು ಆತುರಪಡುವುದಿಲ್ಲ.

ಉತ್ತರ: ಮಕ್ಕಳ ವಿಭಾಗದಿಂದ

ಮಗುವಿನಲ್ಲಿ ಆಗಿರುವುದು ಸೋಂಕುರಹಿತ ಮೂಳೆಸವೆತ. ಇದು ಅಪರೂಪವಲ್ಲ, ಮರಳಿ ಕೂರಿಸಿದ ಮೂಳೆ ಕರಗುವ ಪ್ರಮಾಣ ವಯಸ್ಕರಿಗಿಂತ ಮಕ್ಕಳಲ್ಲಿ ಬಹಳ ಹೆಚ್ಚು, ಕೆಲವು ವರದಿಗಳಲ್ಲಿ ಅರ್ಧದ ಹತ್ತಿರಕ್ಕೂ ಹೋಗುತ್ತದೆ. ವಯಸ್ಸು ಚಿಕ್ಕದಾದಷ್ಟೂ, ಕೊರತೆ ದೊಡ್ಡದಾದಷ್ಟೂ, ಮೂಳೆ ಹಲವು ತುಂಡುಗಳಾಗಿದ್ದಷ್ಟೂ, ಮಿದುಳಿನ ನೀರನ್ನು ಹರಿಸಿಬಿಡುವ ಕೊಳವೆ (ಶಂಟ್) ಹಾಕಿದ್ದರೆ ಅಂಥಲ್ಲಿಯೂ, ಈ ಅಪಾಯ ಏರುತ್ತದೆ. ಶೈತ್ಯದಲ್ಲಿಟ್ಟ ಮೂಳೆಯಲ್ಲಿ ಜೀವಕೋಶಗಳು ಉಳಿಯುವುದಿಲ್ಲ. ಅದು ಹೊಸ ಮೂಳೆ ಬೆಳೆಯಲು ಒಂದು ಚೌಕಟ್ಟು ಮಾತ್ರ. ಹಳೆಯದು ಕರಗುವ ವೇಗ, ಹೊಸದು ಕಟ್ಟುವ ವೇಗ, ಈ ಎರಡರ ನಡುವಿನ ಪೈಪೋಟಿಯಲ್ಲಿ ಮಕ್ಕಳಲ್ಲಿ ಕರಗುವಿಕೆ ಮುಂದೆ ಓಡಿಬಿಡುತ್ತದೆ. ಮೂಳೆಯನ್ನು ಹೊಟ್ಟೆಯ ಚರ್ಮದಡಿ ಕಾಪಾಡಿಟ್ಟರೂ ಈ ತೊಂದರೆ ಪೂರ್ತಿ ತಪ್ಪುವುದಿಲ್ಲ, ಜೊತೆಗೆ ಇನ್ನೊಂದು ಗಾಯ ಸೇರುತ್ತದೆ. ಆಟೋಕ್ಲೇವ್ ಮಾಡಿದ (ಬಿಸಿ ಹಬೆಯಲ್ಲಿ ಕ್ರಿಮಿಶುದ್ಧಗೊಳಿಸಿದ) ಮೂಳೆಯ ಗತಿ ಇನ್ನೂ ಕೆಟ್ಟದು; ಬಿಸಿಯಲ್ಲಿ ಮೂಳೆಯ ಪ್ರೋಟೀನುಗಳೇ ಹಾಳಾಗುತ್ತವೆ.

ಒಂದು ಎಚ್ಚರಿಕೆ. ಜ್ವರ, ಕೀವು ಇಲ್ಲದೆಯೂ ಮಂದಗತಿಯ ಸೋಂಕು ಇರಬಹುದು. ಹಳೆಯ ತುಂಡನ್ನು ತೆಗೆದಾಗ ಅದರ ಅಂಚಿನಿಂದಲೂ ಸ್ಕ್ರೂಗಳ ಸುತ್ತಲಿನಿಂದಲೂ ಮಾದರಿ ತೆಗೆದು, ಕಲ್ಚರ್ ತಟ್ಟೆಗಳನ್ನು ಬೇಗ ಎಸೆಯದೆ ಎರಡು ವಾರ ಇಡುವಂತೆ ಪ್ರಯೋಗಾಲಯದವರಿಗೆ ಹೇಳಿಡಿ. ಕ್ಯೂಟಿಬ್ಯಾಕ್ಟೀರಿಯಂನಂಥ ನಿಧಾನವಾಗಿ ಬೆಳೆಯುವ ಜೀವಿಗಳು ಎರಡು ಮೂರು ದಿನದಲ್ಲಿ ಕಾಣಿಸಿಕೊಳ್ಳುವುದಿಲ್ಲ.

ಈಗ ವಸ್ತು. ಆರು ವರ್ಷದ ಮಗುವಿನಲ್ಲಿ ನಾನು ಮೊದಲು ನೋಡುವುದು ಸೀಳುವುದಕ್ಕೆ ಮೂಳೆ ಸಿಗುತ್ತದೆಯೇ ಎಂಬುದನ್ನು. ಹೊರಪದರ ಮತ್ತು ಒಳಪದರಗಳ ನಡುವಿನ ಮೆತ್ತನೆಯ ಮೂಳೆಪದರ, ಅಂದರೆ ಡಿಪ್ಲೋಯಿ, ಮೂರು ನಾಲ್ಕು ವರ್ಷದ ಹೊತ್ತಿಗೆ ಮೂಡತೊಡಗುತ್ತದೆ, ಆದರೆ ಎಲ್ಲ ಮಕ್ಕಳಲ್ಲೂ ಎಲ್ಲ ಜಾಗದಲ್ಲೂ ಒಂದೇ ಸಮ ಇರುವುದಿಲ್ಲ. ಸಿ.ಟಿ.ಯ ತೆಳುಸೀಳುಗಳನ್ನು ಮೂಳೆಯ ವಿಂಡೋದಲ್ಲಿ ತೆರೆದು, ಎದುರು ಬದಿಯ ಪ್ಯಾರೈಟಲ್ ಮೂಳೆಯನ್ನು ಮುಂದಿನಿಂದ ಹಿಂದಕ್ಕೆ ಅಳೆಯುತ್ತ ಹೋಗಿ: ಎರಡು ಬಿಳಿ ಗೆರೆಗಳ ನಡುವೆ ಬೂದುಬಣ್ಣದ ಪಟ್ಟಿ ಎಲ್ಲಿ ಆರಂಭವಾಗಿ ಎಲ್ಲಿ ಮಾಯವಾಗುತ್ತದೆ ಎಂಬುದೇ ನಿಮ್ಮ ಕಸಿಯ ಗಡಿ. ಆ ಪಟ್ಟಿ ಇಲ್ಲದ ಕಡೆ ಬುರುಡೆಯ ಮೇಲೆಯೇ ಉಳಿಯಿಂದ ಹೊರಪದರ ಎಬ್ಬಿಸಲು ಹೋದರೆ ಒಳಪದರ ಸೀಳಿ ಹೊರಪೊರೆ ಹರಿಯುತ್ತದೆ.

ಆದ್ದರಿಂದ ಮಕ್ಕಳಲ್ಲಿ ನಾವು ಅನುಸರಿಸುವ ವಿಧಾನ ಬೇರೆ. ಎದುರು ಬದಿಯಲ್ಲಿ ಮಧ್ಯರೇಖೆಯ ಸಿರೆಯಿಂದ ಸುರಕ್ಷಿತ ದೂರದಲ್ಲಿ ಪೂರ್ಣ ದಪ್ಪದ ತುಂಡನ್ನೇ ತೆಗೆದು, ಅದನ್ನು ಪಕ್ಕದ ಮೇಜಿನ ಮೇಲೆ ಹಿಡಿದು, ಸುತ್ತಲೂ ಅಂಚಿನಲ್ಲಿ ತೆಳುವಾದ ಗರಗಸದಿಂದ ತೋಡು ಮಾಡಿಕೊಂಡು, ಆಮೇಲೆ ಅಗಲವಾದ ತೆಳು ಉಳಿಯನ್ನು ಎಲ್ಲ ಕಡೆಯಿಂದ ಸ್ವಲ್ಪ ಸ್ವಲ್ಪವೇ ಒಳಕ್ಕೆ ತಳ್ಳುತ್ತ ಎರಡಾಗಿ ಬಿಡಿಸುತ್ತೇವೆ. ಕತ್ತರಿಸುವಾಗ ತಣ್ಣನೆಯ ಸಲೈನ್ ಸುರಿಯುತ್ತಲೇ ಇರಬೇಕು. ಒಂದೇ ಕಡೆಯಿಂದ ಬಲ ಹಾಕಿದರೆ ಹೊರಪದರ ನಡುವೆಯೇ ಬಿರಿಯುತ್ತದೆ. ಬಿಡಿಸಿದ ಮೇಲೆ ಒಂದು ಪದರ ತನ್ನ ಜಾಗಕ್ಕೆ ಮರಳುತ್ತದೆ, ಇನ್ನೊಂದು ಕೊರತೆಗೆ ಹೋಗುತ್ತದೆ; ಅಂಚುಗಳ ನಡುವೆ ಉಳಿದ ಸಂದಿಗಳಿಗೆ ಕೈಯಿಂದ ತಿರುಗಿಸುವ ಕೊರೆಯಾದ ಕೈಬ್ರೇಸ್‌ನಿಂದ ಕೆರೆದ ಮೂಳೆಪುಡಿಯನ್ನು ತುಂಬುತ್ತೇವೆ. ಈ ಪುಡಿ ಹೊಸದಾಗಿ ತೆಗೆದದ್ದಾದ್ದರಿಂದ ಅದರಲ್ಲಿ ಜೀವಂತ ಕೋಶಗಳಿರುತ್ತವೆ. ಆರೋಗ್ಯಕರ ಹೊರಪೊರೆಯ ಮೇಲೆ ಅದು ಮೂಳೆಯಾಗುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ.

ಇದರ ಬೆಲೆಯನ್ನೂ ತಂದೆತಾಯಿಗಳಿಗೆ ಬಿಚ್ಚಿ ಹೇಳಬೇಕು: ಪೆಟ್ಟಾಗದ ಬದಿಯನ್ನೂ ತೆರೆಯುತ್ತೇವೆ, ರಕ್ತಸ್ರಾವ ಹೆಚ್ಚು, ಸಮಯ ಹೆಚ್ಚು, ಎರಡೂ ಬದಿಯ ಬುರುಡೆ ಕೆಲಕಾಲ ತೆಳುವಾಗಿರುತ್ತದೆ. ಆರು ವರ್ಷದ ಮಗುವಿಗೆ ರಕ್ತ ಕಾದಿರಿಸದೆ ಇದಕ್ಕೆ ಕೈಹಾಕಬಾರದು.

ಉತ್ತರ: ಇಂಪ್ಲಾಂಟ್ ವಿನ್ಯಾಸಕ

ನಾನು ವೈದ್ಯನಲ್ಲ; ರೋಗಿಯ ಸಿ.ಟಿ. ಆಧರಿಸಿ ಕಪಾಲದ ಇಂಪ್ಲಾಂಟ್‌ಗಳನ್ನು ವಿನ್ಯಾಸಗೊಳಿಸುವ ಎಂಜಿನಿಯರ್. ಮೇಲಿನ ಇಬ್ಬರ ಮಾತಿಗೂ ಗೌರವ ಕೊಡುತ್ತಲೇ, ಮಗುವಿನ ವಿಷಯದಲ್ಲಿ ಒಂದು ಭಿನ್ನಾಭಿಪ್ರಾಯ ಇಡುತ್ತೇನೆ. ಅರ್ಧ ಬುರುಡೆಯಷ್ಟು ಅಗಲದ ಕೊರತೆಗೆ ಎದುರು ಬದಿಯಿಂದ ಅಷ್ಟೇ ಅಗಲದ ಮೂಳೆ ಬೇಕಾಗುತ್ತದೆ, ಮತ್ತು ಅಷ್ಟೂ ಭಾಗದಲ್ಲಿ ಡಿಪ್ಲೋಯಿ ಇರುವ ಆರು ವರ್ಷದ ಮಕ್ಕಳ ಸ್ಕ್ಯಾನ್‌ಗಳು ನನ್ನ ಮುಂದೆ ಬಂದದ್ದು ಕಡಿಮೆ. ಬೆಳೆಯುವ ತಲೆಗೆ ಕೃತಕ ವಸ್ತು ಹಾಕಬಾರದು ಎಂಬ ವಾದ ಎರಡು ವರ್ಷದ ಮಗುವಿಗೆ ಅನ್ವಯಿಸುವಷ್ಟು ಬಲವಾಗಿ ಆರು ವರ್ಷದ ಮಗುವಿಗೆ ಅನ್ವಯಿಸುವುದಿಲ್ಲ, ಏಕೆಂದರೆ ಆ ವಯಸ್ಸಿಗೆ ತಲೆ ವಯಸ್ಕ ಗಾತ್ರದ ಸುಮಾರು 90 ಪ್ರತಿಶತ ಮುಟ್ಟಿರುತ್ತದೆ.

ವಸ್ತುಗಳ ಗುಣದ ಬಗ್ಗೆ ಒಂದು ಮಾತು. ಪೀಕ್‌ನ ಸ್ಥಿತಿಸ್ಥಾಪಕ ಗುಣಾಂಕ (ಬಿಗಿತದ ಅಳತೆ) ಮೂರು ನಾಲ್ಕು ಗಿಗಾಪಾಸ್ಕಲ್, ಟೈಟಾನಿಯಂ ಮಿಶ್ರಲೋಹದ್ದು 110ರ ಆಸುಪಾಸು, ಆದ್ದರಿಂದ ಪೀಕ್ ಮೂಳೆಗೆ ಹತ್ತಿರ ಎಂದು ಮಾರಾಟದ ಪತ್ರಿಕೆಗಳು ಹೇಳುತ್ತವೆ. ತೊಡೆಮೂಳೆಗೆ ಈ ವ್ಯತ್ಯಾಸ ಮುಖ್ಯ, ಏಕೆಂದರೆ ಅದು ದಿನವೂ ದೇಹದ ಭಾರ ಹೊರುತ್ತದೆ. ಬುರುಡೆಯ ಛಾವಣಿ ಅಂಥ ಭಾರ ಹೊರುವುದಿಲ್ಲ. ಇಲ್ಲಿ ನೋಡಬೇಕಾದದ್ದು ಪೆಟ್ಟು ಬಿದ್ದಾಗ ಆ ವಸ್ತು ಹೇಗೆ ಸೋಲುತ್ತದೆ ಎಂಬುದನ್ನು. ತೆಳು ಟೈಟಾನಿಯಂ ಜಾಲರಿ ಒಳಕ್ಕೆ ತಗ್ಗಾಗಿ ಹಾಗೆಯೇ ನಿಲ್ಲುತ್ತದೆ. ರಂಧ್ರಮಯ ಹೈಡ್ರಾಕ್ಸಿಅಪಟೈಟ್ (ಮೂಳೆಯ ಖನಿಜವನ್ನು ಹೋಲುವ ವಸ್ತು) ಬಿರಿಯುತ್ತದೆ. ಸುತ್ತಲಿನ ಮೂಳೆ ಅದರೊಳಕ್ಕೆ ಹಬ್ಬುವ ಮುಂಚಿನ ತಿಂಗಳುಗಳಲ್ಲಿ ಈ ಭಯ ಹೆಚ್ಚು, ಮತ್ತು ಓಡಿ ಬೀಳುವ ಮಕ್ಕಳಲ್ಲಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಪೀಕ್ ಬಾಗಿ ಮರಳುತ್ತದೆ, ಹಾನಿಯಾಗುವುದಿದ್ದರೆ ಸಾಮಾನ್ಯವಾಗಿ ಸ್ಕ್ರೂ ಹಿಡಿದ ಅಂಚಿನಲ್ಲಿ.

ಪೀಕ್‌ನ ಇನ್ನೊಂದು ಅನುಕೂಲ, ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿಯೇ ಬರ್‌ನಿಂದ ಅಂಚು ತಿದ್ದಬಹುದು, ಆಟೋಕ್ಲೇವ್ ಮಾಡಬಹುದು, ಸಿ.ಟಿ.ಯಲ್ಲಿ ಕಿರಣಗಳ ಚದುರುವಿಕೆಯಿಲ್ಲದೆ ಕೆಳಗಿನ ಮಿದುಳು ಸ್ವಚ್ಛವಾಗಿ ಕಾಣುತ್ತದೆ. ಅದರ ದೋಷವೂ ಅದರ ಗುಣದಲ್ಲಿಯೇ ಇದೆ: ಅಂಗಾಂಶ ಅದಕ್ಕೆ ಅಂಟುವುದಿಲ್ಲ. ನುಣುಪಾದ ತಟ್ಟೆಯ ಕೆಳಗೂ ಮೇಲೂ ದ್ರವ ತುಂಬಿಕೊಳ್ಳುತ್ತದೆ. ಅದಕ್ಕಾಗಿ ತಟ್ಟೆಯಲ್ಲಿ ರಂಧ್ರಗಳನ್ನು ಕೇಳಿ. ದ್ರವ ಹಾದುಹೋಗಲೂ ಬೇಕು, ಹೊರಪೊರೆಯನ್ನು ಮೇಲಕ್ಕೆ ಎಳೆದು ದಾರ ಕಟ್ಟಲೂ ಬೇಕು.

ಕಳಿಸುವ ಸಿ.ಟಿ. ಒಂದು ಮಿಲಿಮೀಟರ್ ಅಥವಾ ಅದಕ್ಕಿಂತ ತೆಳುವಾದ ಸೀಳುಗಳದ್ದಾಗಿರಲಿ. ಒಂದು ಬದಿಯ ಕೊರತೆಗೆ ಎದುರು ಬದಿಯ ಕನ್ನಡಿಬಿಂಬ ಸಾಕು. ಮಧ್ಯರೇಖೆ ದಾಟಿದ ಹಣೆಯ ಕೊರತೆಗೆ ಕನ್ನಡಿಬಿಂಬವೇ ಸಿಗುವುದಿಲ್ಲ, ಅಲ್ಲಿ ಹುಬ್ಬಿನ ಏಣಿನ ರೂಪವನ್ನು ಶಸ್ತ್ರಚಿಕಿತ್ಸಕರು ನಮ್ಮ ಜೊತೆ ಕುಳಿತು ನಿರ್ಧರಿಸಬೇಕು. ಮಗುವಿನ ವಿಷಯದಲ್ಲಿ ಮೂಳೆ ಸವೆಯುತ್ತಲೇ ಇರುವುದರಿಂದ ಹಳೆಯ ಸ್ಕ್ಯಾನ್ ಕಳಿಸಬೇಡಿ. ಆದೇಶಕ್ಕೂ ಶಸ್ತ್ರಚಿಕಿತ್ಸೆಗೂ ನಡುವೆ ಅಂಚು ಇನ್ನಷ್ಟು ಹಿಂದೆ ಸರಿದರೆ ತಟ್ಟೆ ಗಾಳಿಯಲ್ಲಿ ನಿಲ್ಲುತ್ತದೆ.

ಅಂತಿಮ ವರ್ಷದ ಪಿಜಿ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಜಾಗದಿಂದ ಆರಂಭಿಸಬೇಕು ಎಂಬ ಮಾತಿನಿಂದ ನನ್ನ ಮಂಡನೆಯ ಕ್ರಮವೇ ಬದಲಾಗಿದೆ. ಎರಡು ಸಂದೇಹಗಳು ಉಳಿದಿವೆ. ವಯಸ್ಕ ರೋಗಿಗೆ ಪಕ್ಕೆಲುಬಿನ ಕಸಿ ಏಕೆ ಬೇಡ? ಎದೆಯಿಂದ ಧಾರಾಳವಾಗಿ ಸಿಗುತ್ತದಲ್ಲವೇ? ಮತ್ತು ಮಗುವಿನ ಕೊರತೆಗೆ ಕ್ಯಾಲ್ಸಿಯಂ ಫಾಸ್ಫೇಟ್ ಸಿಮೆಂಟನ್ನು ಜಾಲರಿಯ ಮೇಲೆ ಹಚ್ಚಬಹುದೇ?

ಉತ್ತರ: ಪ್ಲಾಸ್ಟಿಕ್ ಸರ್ಜರಿ ವಿಭಾಗ

ಪಕ್ಕೆಲುಬು ಸಿಗುತ್ತದೆ, ಅದರ ಪೊರೆಯನ್ನು ಉಳಿಸಿದರೆ ಎದೆಯಲ್ಲಿ ಮತ್ತೆ ಬೆಳೆಯುತ್ತದೆ ಕೂಡ. ಆದರೆ ಸೀಳಿದ ಪಕ್ಕೆಲುಬುಗಳನ್ನು ಸಾಲಾಗಿ ಜೋಡಿಸಿದ ಹಣೆ ವರ್ಷ ಕಳೆದಂತೆ ಏರುತಗ್ಗಾಗಿ ಕಾಣುತ್ತದೆ, ಮತ್ತು ಕಪಾಲದ ಗಟ್ಟಿ ಹೊರಪದರಕ್ಕೆ ಹೋಲಿಸಿದರೆ ಮೃದುವಾದ ಪಕ್ಕೆಲುಬು ಹೆಚ್ಚು ಕರಗುತ್ತದೆ. ಎದೆಯ ನೋವು, ಶ್ವಾಸಕೋಶದ ಪೊರೆ ಹರಿಯುವ ಸಾಧ್ಯತೆ ಬೇರೆ. ಕೂದಲ ಕೆಳಗಿನ ಭಾಗಕ್ಕೆ ಬೇರೆ ದಾರಿಯಿಲ್ಲದಾಗ ಒಪ್ಪಬಹುದು, ಹಣೆಗೆ ಅದು ನನ್ನ ಮೊದಲ ಆಯ್ಕೆಯಲ್ಲ.

ಆದರೆ ಆ ರೋಗಿಯಲ್ಲಿ ಮೂಳೆಗಿಂತ ಹೆಚ್ಚು ನನ್ನನ್ನು ಕಾಡುತ್ತಿರುವುದು ಚರ್ಮ. ಬೆರಳುಗಳ ನಡುವೆ ಹಿಡಿದು ಎತ್ತಲಾಗದ, ಹೊಳೆಯುವ, ಕೆಳಗಿನ ಮಿಡಿತ ಕಾಣುವ ಚರ್ಮದ ಕೆಳಗೆ ಯಾವುದನ್ನಿಟ್ಟರೂ ಅದು ಒಂದು ದಿನ ಹೊರಗೆ ಇಣುಕುತ್ತದೆ. ಟೈಟಾನಿಯಂ ಜಾಲರಿ ವರ್ಷಗಳ ನಂತರ ಚರ್ಮವನ್ನು ಸವೆಸಿ ಹೊರಬರುವುದನ್ನು ನಮ್ಮ ವಿಭಾಗ ಆಗಾಗ ನೋಡುತ್ತದೆ. ಹಳೆಯ ಗಾಯದ ಗೆರೆಗಳನ್ನು ಬಳಸಿಕೊಂಡು ತಲೆಚರ್ಮವನ್ನು ತಿರುಗಿಸಿ ತರಲು ಸಾಧ್ಯವೇ, ಇಲ್ಲವಾದರೆ ಬೆನ್ನಿನ ಲ್ಯಾಟಿಸಿಮಸ್ ಸ್ನಾಯುವನ್ನು ರಕ್ತನಾಳ ಸಮೇತ ತಂದು ಸೂಕ್ಷ್ಮದರ್ಶಕದಡಿ ಜೋಡಿಸಬೇಕೇ ಎಂಬುದನ್ನು ಕಸಿಯ ವಸ್ತುವಿಗಿಂತ ಮೊದಲು ನಿರ್ಧರಿಸಿ. ಶಸ್ತ್ರಚಿಕಿತ್ಸೆಯ ದಿನ ಚರ್ಮ ಸಾಲದೆ ಹೋದಾಗ ನಮ್ಮನ್ನು ಕರೆಯುವುದಕ್ಕಿಂತ ಯೋಜನೆಯ ಹಂತದಲ್ಲಿಯೇ ಕರೆಯುವುದು ರೋಗಿಗೆ ಒಳ್ಳೆಯದು.

ಉತ್ತರ: ಮಕ್ಕಳ ವಿಭಾಗದಿಂದ

ಸಿಮೆಂಟ್ ಬೇಡ. ಅದು ಗಟ್ಟಿಯಾಗುವ ಹೊತ್ತಿನಲ್ಲಿ ಒಣಗಿದ, ಅಲುಗದ ತಳ ಕೇಳುತ್ತದೆ. ಮಿಡಿಯುವ ಹೊರಪೊರೆಯ ಮೇಲೆ ಅಗಲವಾಗಿ ಹಚ್ಚಿದರೆ ಕೂರುವ ಮೊದಲೇ ಸೂಕ್ಷ್ಮವಾಗಿ ಬಿರುಕು ಬಿಟ್ಟು, ಆ ಚೂರುಗಳೇ ಸೋಂಕಿನ ನೆಲೆಯಾಗುತ್ತವೆ. ಜಾಲರಿ ಕೊಟ್ಟರೂ ಇಷ್ಟು ದೊಡ್ಡ ಕೊರತೆಗೆ ನಾನು ಒಪ್ಪುವುದಿಲ್ಲ. ಬರ್ ರಂಧ್ರ ಮುಚ್ಚಲು, ಅಂಚಿನ ಸಣ್ಣ ತಗ್ಗು ಸಮ ಮಾಡಲು ಅದು ಒಳ್ಳೆಯ ವಸ್ತು.

ವಿನ್ಯಾಸಕರ ಆಕ್ಷೇಪವನ್ನು ಒಪ್ಪುತ್ತೇನೆ: ಡಿಪ್ಲೋಯಿ ಸಾಕಷ್ಟಿಲ್ಲದಿದ್ದರೆ ಹಟ ಹಿಡಿಯಬಾರದು. ಅಂಥ ಮಗುವಿಗೆ ಹೇಳಿ ಮಾಡಿಸಿದ ತಟ್ಟೆಯೇ ಸರಿ, ಮತ್ತು ಅದರಲ್ಲಿ ಪೀಕ್ ಆಯ್ದುಕೊಳ್ಳಲು ನನಗೆ ಸಂಕೋಚವಿಲ್ಲ. ಎದುರು ಬದಿಯಲ್ಲಿ ಒಳ್ಳೆಯ ಮೂಳೆ ಕೊರತೆಯ ಮುಕ್ಕಾಲು ಭಾಗಕ್ಕೆ ಸಾಲುವಷ್ಟಿದ್ದರೆ ಮಾತ್ರ ನಾನು ಸ್ವಂತ ಮೂಳೆಗೆ ನಿಲ್ಲುತ್ತೇನೆ. ಉಳಿದದ್ದನ್ನು ಮೂಳೆಪುಡಿ ತುಂಬಬಲ್ಲದು. ಹಿಡಿಸಲು ಕರಗುವ ಪ್ಲೇಟು ಮತ್ತು ಸ್ಕ್ರೂಗಳನ್ನು ಬಳಸಿ, ಏಕೆಂದರೆ ಬೆಳೆಯುವ ಬುರುಡೆಯಲ್ಲಿ ಲೋಹದ ಪ್ಲೇಟು ಕ್ರಮೇಣ ಒಳಮೈಯ ಕಡೆಗೆ ಸರಿಯುವುದುಂಟು.

ಇನ್ನೊಂದು ವಿವರವನ್ನು ನಿಮ್ಮ ಪ್ರಶ್ನೆಯಲ್ಲಿ ನೋಡಲಿಲ್ಲ. ಮಗುವಿಗೆ ಶಂಟ್ ಇದೆಯೇ? ಇದ್ದರೆ ಮಿದುಳು ಕುಸಿದು ಹೊರಪೊರೆಗೂ ಕಸಿಗೂ ನಡುವೆ ಖಾಲಿ ಜಾಗ ಉಳಿಯುತ್ತದೆ. ರಕ್ತ, ದ್ರವ ತುಂಬುವುದೂ ಸ್ವಂತ ಮೂಳೆ ಮತ್ತೆ ಕರಗುವುದೂ ಅಲ್ಲಿಂದಲೇ. ಹೊಂದಿಸಬಹುದಾದ ಕವಾಟವಾಗಿದ್ದರೆ ಶಸ್ತ್ರಚಿಕಿತ್ಸೆಗೆ ಮೊದಲೇ ಅದರ ಒತ್ತಡವನ್ನು ಏರಿಸಿ, ಮಗುವಿನ ಎಚ್ಚರ ಮತ್ತು ವಾಂತಿಯ ಮೇಲೆ ಕಣ್ಣಿಟ್ಟು, ಹೊರಪೊರೆ ಅಂಚಿನ ಮಟ್ಟಕ್ಕೆ ಏರಿದ ಮೇಲೆ ಮುಂದುವರಿಯಿರಿ. ಸ್ವಂತ ಮೂಳೆ ಹಾಕಿದರೆ ಆರು ತಿಂಗಳಿಗೆ ಮತ್ತು ವರ್ಷಕ್ಕೆ ಕಡಿಮೆ ವಿಕಿರಣದ ಸಿ.ಟಿ. ಮಾಡಿಸಿ, ಅಂಚು ಬೆಸೆಯುತ್ತಿದೆಯೇ ಎಂದು ಅಳೆದು ದಾಖಲಿಸಿಡಿ. ಶಂಟ್ ಇರುವುದೋ ಇಲ್ಲವೋ ತಿಳಿಸಿದರೆ ಮುಂದಿನದನ್ನು ಬರೆಯುತ್ತೇನೆ.